ಕೂಸಿನ ಗಾಡಿಯೂ ಊರಿನ ದಾರಿಯೂ

ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಹಲವು ಪ್ರಶ್ನೆಗಳು ಏಳುವುದುಂಟು. ಬುತ್ತಿಗೆ ರೊಟ್ಟಿ ಎಷ್ಟು, ಹೊದಿಕೆ ಎಷ್ಟು, ಯಾವ ಚೀಲ ಯಾರ ಕೈಯಲ್ಲಿ ಎಂಬಿವು ಬೇಗನೆ ಇತ್ಯರ್ಥವಾಗುತ್ತವೆ. ಆದರೆ ಮೂರು ನಾಲ್ಕು ವರ್ಷದ ಮಗುವುಳ್ಳ ಮನೆಯಲ್ಲಿ ಇನ್ನೊಂದು ಪ್ರಶ್ನೆಯುಂಟು. ದೀಪ ಆರಿಸಿದ ಮೇಲೂ ಅದು ಇತ್ಯರ್ಥವಾಗದು. ಮಗುವನ್ನು ಕೂರಿಸಿ ತಳ್ಳುವ ಗಾಡಿಯನ್ನು ಜೊತೆಗೆ ಒಯ್ಯಬೇಕೆ, ಬೇಡವೆ? ಅಂಗಡಿಯವರು ಇದನ್ನು ಸ್ಟ್ರಾಲರ್ ಎನ್ನುತ್ತಾರೆ. ರಂಗಂಪೇಟೆಯ ನಮ್ಮ ಮನೆಯಲ್ಲಿ ಅದರ ಹೆಸರು ಕೂಸಿನ ಗಾಡಿ.

ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು ಇಂಥ ಮನೆವಾರ್ತೆಯನ್ನು ವಿಜ್ಞಾನದ ಪತ್ರಿಕೆಗೆ ಏಕೆ ತರಬೇಕೆಂದು ವಾಚಕರು ನಗಬಹುದು. ನಗಲಿ. ಗಾಲಿ, ಸನ್ನೆ, ಇಳಿಜಾರು, ಗುರುತ್ವಕೇಂದ್ರ ಇವೆಲ್ಲ ಪಠ್ಯಪುಸ್ತಕದಲ್ಲಿ ಮಾತ್ರ ವಾಸಿಸುವ ವಸ್ತುಗಳಲ್ಲ. ಅವನ್ನು ಮರೆತು ಹೊರಟದ್ದರಿಂದ ನಾವು ಎರಡು ಪ್ರವಾಸಗಳಲ್ಲಿ ಎರಡು ಬಗೆಯಾಗಿ ತಪ್ಪಿದೆವು. ಒಮ್ಮೆ ಮಗುವಿನ ಕಣ್ಣಲ್ಲಿ ನೀರು ತರಿಸಿದೆವು. ಆ ತಪ್ಪುಗಳ ಲೆಕ್ಕವನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ಗಾಡಿಯ ವಿಚಾರದಲ್ಲಿ ನಮ್ಮ ಬಳಗದಲ್ಲಿ ಎರಡು ಪಕ್ಷಗಳಿವೆ. ಮೊದಲನೆಯದು ನಮ್ಮ ತಾಯಿಯವರದು. "ಕಾಲು ಗಟ್ಟಿ ಅವ ಕೂಸಿಗಿ, ಗಾಡಿ ಯಾಕ ಬೇಕಪ್ಪ? ನಾವೇನ್ ನಿಮ್ಮನ್ನ ಗಾಡ್ಯಾಗ ಹಾಕಿ ಬೆಳೆಸೇವೇನು?" ಎಂಬುದು ಅವರ ವಾದ. ಎರಡನೆಯ ಪಕ್ಷ ಪಟ್ಟಣದಲ್ಲಿರುವ ನೆಂಟರದು. ಗಾಡಿಯಿಲ್ಲದೆ ಮಗುವಿನೊಡನೆ ಹೊರಡುವುದು ಅವರ ಕಣ್ಣಿಗೆ ಕೊಡೆಯಿಲ್ಲದೆ ಮಳೆಗೆ ಹೊರಟಂತೆ. ಎರಡೂ ಪಕ್ಷಗಳು ಮಗುವಿನ ಕಾಲನ್ನು ಕುರಿತು ಮಾತನಾಡುತ್ತವೆ. ಮಗು ನಡೆಯಬೇಕಾದ ದಾರಿಯ ಮಾತನ್ನು ಎರಡೂ ಎತ್ತುವುದಿಲ್ಲ.

ನಮ್ಮ ಮಗಳಿಗೆ ಮೂರು ವರ್ಷ ತುಂಬಿದ ಚಳಿಗಾಲದಲ್ಲಿ ನಾವು ಹಂಪಿಗೆ ಹೋದೆವು. ಪಟ್ಟಣದ ನೆಂಟರು ಪ್ರೀತಿಯಿಂದ ಕೊಟ್ಟ ಗಾಡಿ ಮನೆಯಲ್ಲಿತ್ತು. ಅದನ್ನೂ ಬಸ್ಸಿಗೆ ಹತ್ತಿಸಿದೆವು. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವುಗಳ ನಡುವಣ ದಾರಿಗಳಾದರೋ ಹೆಚ್ಚಾಗಿ ಕಲ್ಲುಚಪ್ಪಡಿಯವು, ಮಣ್ಣಿನವು, ಬಂಡೆಗಳ ಸಂದಿನವು. ವಿರೂಪಾಕ್ಷ ಗುಡಿಯ ಕಡೆಯಿಂದ ತುಂಗಭದ್ರೆಯ ದಂಡೆಗುಂಟ ವಿಠ್ಠಲ ದೇವಾಲಯಕ್ಕೆ ನಡೆದುಹೋಗುವುದೆಂದು ನಿಶ್ಚಯಿಸಿದೆವು. ಮೊದಲ ಸ್ವಲ್ಪ ದೂರ ಗಾಡಿ ಉರುಳಿತು. ಬಳಿಕ ಚಪ್ಪಡಿಗಳ ಸಂದಿಯಲ್ಲಿ ಮುಂದಿನ ಗಾಲಿ ಸಿಕ್ಕಿಕೊಂಡಿತು; ಮರಳಿನಲ್ಲಿ ಹೂತಿತು; ಮೆಟ್ಟಿಲು ಬಂದಲ್ಲಿ ನಿಂತೇಬಿಟ್ಟಿತು. ಮಗಳು ತಾನಾಗಿ ಇಳಿದು ಬಂಡೆಯಿಂದ ಬಂಡೆಗೆ ಸಂತೋಷದಿಂದ ನಡೆದಳು. ಗಾಡಿ ಮಾತ್ರ ನಡೆಯಲಾರದೆ ನಮ್ಮ ಹೆಗಲೇರಿತು.

ಹೀಗೆ ನಾವು ವಿಠ್ಠಲ ದೇವಾಲಯದ ಅಂಗಳವನ್ನು ಮುಟ್ಟಿ, ಪ್ರಖ್ಯಾತವಾದ ಆ ಕಲ್ಲಿನ ರಥದ ಮುಂದೆ ನಿಂತೆವು. ರಥಕ್ಕೆ ಅಂದವಾದ ಗಾಲಿಗಳಿವೆ, ಆದರೆ ರಥ ಹೋಗುವುದಿಲ್ಲ. ನಮ್ಮ ಹೆಗಲ ಮೇಲಿದ್ದುದಕ್ಕೂ ಗಾಲಿಗಳಿದ್ದುವು, ಅದೂ ಹೋಗುತ್ತಿರಲಿಲ್ಲ. ನಮ್ಮ ಮನೆಯವರು ಎರಡನ್ನೂ ಒಮ್ಮೆ ನೋಡಿ ಸುಮ್ಮನೆ ನಕ್ಕರು. ಇನ್ನು ಮುಂದೆ ಯಾವ ಪ್ರವಾಸಕ್ಕೂ ಗಾಡಿ ಬೇಡವೆಂದು ನಾವು ಅಲ್ಲಿಯೇ ಶಪಥ ಮಾಡಿದೆವು.

ಗಾಡಿ ಸೋತುದೇಕೆ? ಇದರ ಉತ್ತರ ಹನ್ನೊಂದನೆಯ ತರಗತಿಯ ವಿದ್ಯಾರ್ಥಿಯ ಕೈಯಲ್ಲಿಯೇ ಇದೆ. ಗಾಡಿಯ ಮುಂದಿನ ಗಾಲಿಯ ತ್ರಿಜ್ಯ 7.5 ಸೆಂಟಿಮೀಟರ್ ಎನ್ನೋಣ. ದಾರಿಯಲ್ಲಿ 3 ಸೆಂಟಿಮೀಟರ್ ಎತ್ತರದ ಕಲ್ಲಿನ ಅಂಚು ಅಡ್ಡ ಬಂದಿದೆ. ಗಾಲಿ ಆ ಅಂಚನ್ನು ಆಧಾರವಾಗಿ ಹಿಡಿದು ಮೇಲೇಳಬೇಕು. ಅಂಚಿನಿಂದ ಗಾಲಿಯ ಅಚ್ಚಿಗೆ ಇರುವ ಎತ್ತರ 4.5 ಸೆಂಟಿಮೀಟರ್, ಅಂಚಿನಿಂದ ಅಚ್ಚಿನ ನೇರಕ್ಕೆ ಇರುವ ಅಡ್ಡದೂರ, ಪೈಥಾಗೊರಸನ ನಿಯಮದಂತೆ, 6 ಸೆಂಟಿಮೀಟರ್. ಭಾರವು ಗಾಲಿಯನ್ನು 6 ಸೆಂಟಿಮೀಟರ್ ಉದ್ದದ ಸನ್ನೆಯಿಂದ ಕೆಳಗೆ ಹಿಡಿಯುತ್ತಿದ್ದರೆ, ನಾವು ಅಡ್ಡಲಾಗಿ ತಳ್ಳುವ ಬಲ 4.5 ಸೆಂಟಿಮೀಟರ್ ಉದ್ದದ ಸನ್ನೆಯಿಂದ ಅದನ್ನು ಮೇಲೆತ್ತಬೇಕಾಗುತ್ತದೆ. ಆದುದರಿಂದ ತಳ್ಳಬೇಕಾದ ಬಲವು ಗಾಲಿಯ ಮೇಲಿನ ಭಾರದ ಮೂರನೆಯ ನಾಲ್ಕು ಪಾಲು, ಅಂದರೆ ಭಾರಕ್ಕಿಂತಲೂ ಹೆಚ್ಚು. ಮಗು 16 ಕಿಲೋಗ್ರಾಂ, ಗಾಡಿ 6 ಕಿಲೋಗ್ರಾಂ, ಅದರಲ್ಲಿ ಅರ್ಧ ಮುಂದಿನ ಗಾಲಿಗಳ ಮೇಲೆ ಬಿದ್ದಿದೆ ಎಂದುಕೊಂಡರೆ, ಸುಮಾರು 15 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಮಗುವನ್ನೇ ಎತ್ತಿಕೊಳ್ಳುವ ಶ್ರಮಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಅಡ್ಡಬಂದ ಕಲ್ಲು ಅಚ್ಚಿನಷ್ಟೇ ಎತ್ತರವಾಗಿದ್ದರೆ ಅಡ್ಡಲಾಗಿ ಎಷ್ಟು ತಳ್ಳಿದರೂ ಗಾಲಿ ಏರದು.

ಇದೇ ಕಲ್ಲಿಗೆ ನಮ್ಮ ಎತ್ತಿನ ಗಾಡಿಯ ಗಾಲಿಯನ್ನು ಒಡ್ಡಿ ನೋಡೋಣ. ಅದರ ತ್ರಿಜ್ಯ 60 ಸೆಂಟಿಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಬೇಕಾದ ಬಲ ಭಾರದ ಮೂರನೆಯ ಒಂದು ಪಾಲು ಮಾತ್ರ. ಮಳೆಗಾಲದ ಎರೆಮಣ್ಣಿನ ಹಾದಿಯಲ್ಲಿ, ಕಲ್ಲುಗುಂಡಿನ ಗುಡ್ಡದ ಓಣಿಯಲ್ಲಿ ಬಂಡಿ ಹೊಡೆಯಬೇಕಾದ ನಾಡಿನ ಬಡಿಗನು ದೊಡ್ಡ ಗಾಲಿಯನ್ನು ಏಕೆ ಮಾಡಿದನೆಂಬುದಕ್ಕೆ ಇದೇ ಕಾರಣ. ಅವನು ತನ್ನ ದಾರಿಯನ್ನು ನೋಡಿ ಗಾಲಿಯನ್ನು ಮಾಡಿದ. ಕೂಸಿನ ಗಾಡಿಯ ಗಾಲಿಯನ್ನು ಮಾಡಿದವನೂ ದಡ್ಡನಲ್ಲ. ಅವನು ನೋಡಿದ್ದು ಬೇರೆ ದಾರಿಯನ್ನು.

ಆ ಬೇರೆ ದಾರಿಯ ಕಥೆಯೂ ಸ್ವಾರಸ್ಯವಾದುದು. 1733ರಲ್ಲಿ ಇಂಗ್ಲೆಂಡಿನ ವಿಲಿಯಂ ಕೆಂಟ್ ಎಂಬ ಶಿಲ್ಪಿ ಅಲ್ಲಿನ ಡ್ಯೂಕನೊಬ್ಬನ ಮಕ್ಕಳಿಗಾಗಿ ಮಾಡಿಕೊಟ್ಟ ಗಾಡಿ ಚಿಪ್ಪಿನ ಆಕಾರದಲ್ಲಿತ್ತು; ಅದನ್ನು ಆಡು ಅಥವಾ ಚಿಕ್ಕ ಕುದುರೆ ಎಳೆಯಬೇಕಾಗಿತ್ತು. ಅದು ಉಪವನದಲ್ಲಿ ಆಡುವ ವಸ್ತು, ಪ್ರವಾಸದ್ದಲ್ಲ. ಪ್ರವಾಸಕ್ಕೆ ಒಗ್ಗುವ ಗಾಡಿಯನ್ನು ಕೊಟ್ಟವರು ಓವೆನ್ ಮ್ಯಾಕ್ಲಾರೆನ್. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಕೆಳಗಾಲಿಗಳ ವಿನ್ಯಾಸದಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್ ಅವರು. ಮೊಮ್ಮಗುವಿನೊಡನೆ ವಿಮಾನದಲ್ಲಿ ಬಂದ ಮಗಳು ಭಾರವಾದ ಗಾಡಿಯೊಡನೆ ಪಡುತ್ತಿದ್ದ ಪಾಡನ್ನು ಕಂಡು ಅವರು ಈ ಕೆಲಸಕ್ಕೆ ಕೈಹಾಕಿದರೆಂದು ಹೇಳುತ್ತಾರೆ. 1965ರಲ್ಲಿ ಅವರು ಅಲ್ಯೂಮಿನಿಯಂ ಕೊಳವೆಗಳಿಂದ ಮಾಡಿದ ಗಾಡಿ ಮೂರು ಕಿಲೋಗ್ರಾಮಿಗಿಂತ ಹಗುರವಾಗಿತ್ತು, ಕೊಡೆಯಂತೆ ಮಡಚಿಕೊಳ್ಳುತ್ತಿತ್ತು. ನೆಲ ಬಿಟ್ಟೊಡನೆ ಮಡಚಿಕೊಳ್ಳುವ ವಿಮಾನದ ಗಾಲಿಯ ಚಾತುರ್ಯ ಹೀಗೆ ಕೂಸಿನ ಗಾಡಿಗೆ ಬಂದಿತು. ಆದರೆ ಚಿಕ್ಕ ಗಾಲಿ ಚಿಕ್ಕ ಗಾಲಿಯೇ. ವಿಮಾನಕ್ಕೂ ನುಣುಪಾದ ಓಡುದಾರಿ ಬೇಕು. ಈ ಗಾಡಿಗೂ ಅಂಥದೇ ದಾರಿ ಬೇಕು.

ಇನ್ನು ಎರಡನೆಯ ಪ್ರವಾಸದ ಮಾತು. ಮರುವರ್ಷ, ಮಗಳಿಗೆ ನಾಲ್ಕು ವರ್ಷವಾದಾಗ, ಯಾದಗಿರಿಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಹಂಪಿಯ ಶಪಥ ನೆನಪಿದ್ದುದರಿಂದ ಗಾಡಿಯನ್ನು ಅಟ್ಟದ ಮೇಲಿಟ್ಟಿದ್ದೆವು. ಬೆಳಿಗ್ಗೆ 240 ಎಕರೆಯ ಲಾಲ್‌ಬಾಗ್. ನಡುಹಗಲಿಗೆ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ನಡುವೆ ಮೆಟ್ರೋ ರೈಲು. ನಿಲ್ದಾಣದಲ್ಲಿ ಲಿಫ್ಟು ಇತ್ತು. ರೈಲಿನ ನೆಲವೂ ಕಟ್ಟೆಯ ನೆಲವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದುವು. ಎಲ್ಲಿ ನೋಡಿದರೂ ಗಾಲಿಗೆ ಹೇಳಿ ಮಾಡಿಸಿದಂಥ ನೆಲ! ಗಾಡಿಯಾದರೋ ರಂಗಂಪೇಟೆಯ ಅಟ್ಟದ ಮೇಲೆ ಸುಖವಾಗಿ ನಿದ್ರಿಸುತ್ತಿತ್ತು.

ಉದ್ಯಾನದಲ್ಲಿ ಒಂದು ಗಂಟೆ ನಡೆದ ಮೇಲೆ ಮಗಳು ಹಿಂದೆ ಬೀಳತೊಡಗಿದಳು. ನಾವು ಕೈಹಿಡಿದು ಎಳೆದೆವು. ಸ್ವಲ್ಪ ಓಡಿದಳು, ಮತ್ತೆ ನಿಂತಳು, ನೆಲದ ಮೇಲೆ ಕುಳಿತೇಬಿಟ್ಟಳು. ಹೊತ್ತಾಗುತ್ತಿತ್ತು. "ನಡಿ, ಇಷ್ಟು ದೊಡ್ಡಾಕಿ ಆಗೀದಿ" ಎಂದು ಹತ್ತು ಜನರ ಮುಂದೆ ಗದರಿಸಿದೆವು. ಅವಳ ಕಣ್ಣು ತುಂಬಿತು. ಅಳುತ್ತಲೇ ಅವಳು ಹೇಳಿದ್ದು ಇಷ್ಟು: "ಅಪ್ಪಾ, ನಿನ್ನ ಕಾಲು ಉದ್ದ ಅವ."

ಆ ಹೊತ್ತಿಗೆ ನಾವು ಅದನ್ನು ಮಗುವಿನ ನೆಪವೆಂದು ತಿಳಿದೆವು. ರಾತ್ರಿ ಮಲಗಿದಾಗ ಲೆಕ್ಕ ಹಾಕಿದರೆ, ಅದು ನೆಪವಾಗಿರಲಿಲ್ಲ; ಶುದ್ಧವಾದ ಯಂತ್ರಶಾಸ್ತ್ರವಾಗಿತ್ತು. ನಡೆಯುವಾಗ ನಮ್ಮ ದೇಹವು ಊರಿದ ಕಾಲಿನ ಮೇಲೆ ತಲೆಕೆಳಗಾದ ಲೋಲಕದಂತೆ ಕಮಾನಿನ ದಾರಿಯಲ್ಲಿ ಸಾಗುತ್ತದೆ. ಹಾಗೆ ಸಾಗಲು ಬೇಕಾದ ಕೇಂದ್ರಾಭಿಮುಖ ಬಲವನ್ನು ಕೊಡುವುದು ಗುರುತ್ವ. ಆದುದರಿಂದ ನಡಿಗೆಯ ವೇಗಕ್ಕೊಂದು ಮಿತಿಯಿದೆ. ಅದು ಕಾಲಿನ ಉದ್ದದ ವರ್ಗಮೂಲವನ್ನು ಅವಲಂಬಿಸಿದೆ. ವೇಗದ ವರ್ಗವನ್ನು ಗುರುತ್ವ ಮತ್ತು ಕಾಲಿನ ಉದ್ದಗಳ ಗುಣಲಬ್ಧದಿಂದ ಭಾಗಿಸಿದರೆ ಬರುವ ಸಂಖ್ಯೆಗೆ, ಹಡಗುಗಳ ಚಲನೆಯನ್ನು ಅಭ್ಯಸಿಸಿದ ವಿಲಿಯಂ ಫ್ರೌಡ್ ಎಂಬ 19ನೆಯ ಶತಮಾನದ ಎಂಜಿನಿಯರನ ಹೆಸರಿದೆ. ಈ ಸಂಖ್ಯೆ ಸುಮಾರು ಅರ್ಧಕ್ಕೆ ಬಂದಾಗ ಮನುಷ್ಯನು ನಡಿಗೆಯನ್ನು ಬಿಟ್ಟು ಓಡತೊಡಗುತ್ತಾನೆ.

ನಾಲ್ಕು ವರ್ಷದ ಮಗುವಿನ ಕಾಲು ಸುಮಾರು 45 ಸೆಂಟಿಮೀಟರ್. ಲೆಕ್ಕ ಮಾಡಿದರೆ ಅದರ ಓಟ ಆರಂಭವಾಗುವ ವೇಗ ಗಂಟೆಗೆ ಸುಮಾರು 5.3 ಕಿಲೋಮೀಟರ್. 90 ಸೆಂಟಿಮೀಟರ್ ಕಾಲಿನ ದೊಡ್ಡವರಿಗೆ ಅದು ಸುಮಾರು 7.6 ಕಿಲೋಮೀಟರ್. ಹೊತ್ತಾಯಿತೆಂದು ದೊಡ್ಡವರು ಬಿರುಸಾಗಿ ಹೆಜ್ಜೆ ಹಾಕುವಾಗ ಗಂಟೆಗೆ 5 ಕಿಲೋಮೀಟರ್ ನಡೆಯುತ್ತಾರೆ. ಎಂದರೆ, ನಮಗೆ ಬರಿಯ ನಡಿಗೆಯಾಗಿರುವುದು ಪಕ್ಕದಲ್ಲಿರುವ ಮಗುವಿಗೆ ಓಟದ ಹೊಸ್ತಿಲು. ಲಾಲ್‌ಬಾಗಿನಲ್ಲಿ ನಾವು ನಡೆಯುತ್ತಿದ್ದೆವು. ನಮ್ಮ ಮಗಳು ಒಂದು ಗಂಟೆ ಓಡಿದ್ದಳು. ಓಡಿದವಳನ್ನು ನಡೆಯಲಿಲ್ಲವೆಂದು ಗದರಿಸಿದೆವು. ಊರಿಗೆ ಬಂದ ಮೇಲೆ ಒಂದು ಸಂಜೆ ಅವಳನ್ನು ಅವಳ ಇಷ್ಟದಂತೆ ನಡೆಯಬಿಟ್ಟು ಗಡಿಯಾರ ನೋಡಿದೆವು. ಕಲ್ಲು ಆರಿಸುತ್ತ, ಆಡಿನ ಮರಿಯನ್ನು ಮಾತನಾಡಿಸುತ್ತ ಒಂದು ಕಿಲೋಮೀಟರಿಗೆ 24 ನಿಮಿಷ ತೆಗೆದುಕೊಂಡಳು. ದಣಿಯಲಿಲ್ಲ, ಅಳಲಿಲ್ಲ. ಒಂದು ಮಗುವಿನ ಅಳತೆ ಎಲ್ಲ ಮಕ್ಕಳ ನಿಯಮವಾಗದು. ಆದರೆ ಪ್ರತಿಯೊಬ್ಬ ತಂದೆತಾಯಿಯೂ ತಮ್ಮ ಮಗುವನ್ನು ಹೀಗೆ ಅಳೆಯಬಹುದು.

ಆ ದಿನ ವಸ್ತುಸಂಗ್ರಹಾಲಯದಲ್ಲಿ ನಡೆದುದನ್ನೂ ಹೇಳಿಬಿಡುತ್ತೇವೆ. ಅಲ್ಲಿ ರೈಟ್ ಸಹೋದರರ ವಿಮಾನದ ಪ್ರತಿಕೃತಿಯಿದೆ. ಅದನ್ನು ಮಗಳಿಗೆ ತೋರಿಸಬೇಕೆಂದೇ ನಾವು ಹೋಗಿದ್ದುದು. ಅದರ ಮುಂದೆ ನಿಂತಾಗ ಅವಳು ನಮ್ಮ ಹೆಗಲ ಮೇಲೆ ಗಾಢ ನಿದ್ರೆಯಲ್ಲಿದ್ದಳು. ಮಲಗಿದ ಮಗು ಹೆಚ್ಚು ಭಾರವೆಂದು ತಾಯಂದಿರು ಹೇಳುವುದುಂಟು. ತಕ್ಕಡಿ ಇದನ್ನು ಒಪ್ಪದು, ಬೆನ್ನು ಒಪ್ಪುತ್ತದೆ. ಎಚ್ಚರವಿರುವ ಮಗು ತೋಳಿನಿಂದ ಅಪ್ಪಿ, ಕಾಲಿನಿಂದ ಹಿಡಿದು, ತನ್ನ ಭಾರವನ್ನು ನಮ್ಮ ಮೈಗೆ ಹತ್ತಿರವಾಗಿಟ್ಟುಕೊಳ್ಳುತ್ತದೆ. ಮಲಗಿದ ಮಗುವಿನ ಭಾರ ನಮ್ಮಿಂದ ದೂರ ಜಾರುತ್ತದೆ. ಸನ್ನೆಯ ಉದ್ದ ಹೆಚ್ಚುತ್ತದೆ. ಅದನ್ನು ಸರಿದೂಗಿಸುವ ಕೆಲಸ ಬೆನ್ನಿನ ಸ್ನಾಯುಗಳಿಗೆ ಬೀಳುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಆಕ್ಷೇಪವೆತ್ತಬಹುದು. "ಸಮನೆಲದ ಮೇಲೆ ಭಾರವನ್ನು ಹೊತ್ತು ನಡೆದರೆ ಗುರುತ್ವದ ವಿರುದ್ಧ ಮಾಡಿದ ಕೆಲಸ ಸೊನ್ನೆಯೆಂದು ತಾವೇ ಹೇಳಿಕೊಟ್ಟಿದ್ದೀರಿ, ಮತ್ತೆ ದಣಿವೇಕೆ?" ಮಾತು ಸರಿ. ಆದರೆ ಸ್ನಾಯುವು ಗೂಟವಲ್ಲ. ಗೂಟ ಭಾರವನ್ನು ಪುಕ್ಕಟೆಯಾಗಿ ಹಿಡಿದು ನಿಲ್ಲುತ್ತದೆ. ಸ್ನಾಯುವಿನ ತಂತುಗಳು ಬಿಗಿಯಾಗಿಯೇ ಇರಬೇಕಾದರೆ ಕ್ಷಣಕ್ಷಣವೂ ಶಕ್ತಿಯನ್ನು ವ್ಯಯಿಸಬೇಕು. ಗಾಡಿಯ ಉಪಕಾರವೆಲ್ಲ ಇಲ್ಲಿಯೇ ಇದೆ: ಅದು ಭಾರವನ್ನು ಸ್ನಾಯುವಿನಿಂದ ಕಿತ್ತು ನೆಲಕ್ಕೆ ಒಪ್ಪಿಸುತ್ತದೆ. ನುಣುಪಾದ ನೆಲದ ಮೇಲೆ ಉರುಳುವ ಗಾಲಿಗೆ ಎದುರಾಗುವ ತಡೆ ಭಾರದ ನೂರರಲ್ಲಿ ಒಂದೆರಡು ಪಾಲು. ಮಗು ಮತ್ತು ಗಾಡಿ ಸೇರಿ 22 ಕಿಲೋಗ್ರಾಂ ಇದ್ದರೆ ತಳ್ಳಲು ಅರ್ಧ ಕಿಲೋಗ್ರಾಂ ತೂಕದಷ್ಟು ಬಲವೂ ಬೇಡ. ಎರಡು ಬೆರಳು ಸಾಕು. ಹಂಪಿಯಲ್ಲಿ 15 ಕಿಲೋಗ್ರಾಂ, ಬೆಂಗಳೂರಿನಲ್ಲಿ ಅರ್ಧ ಕಿಲೋಗ್ರಾಂ! ಗಾಡಿ ಅದೇ, ಮಗು ಅದೇ. ಬದಲಾದದ್ದು ನೆಲ.

ನಮ್ಮ ತಪ್ಪು ಎಲ್ಲಿತ್ತು ಎಂಬುದು ಈಗ ಸ್ಪಷ್ಟವಾಗುತ್ತದೆ. ಪ್ರಯೋಗಶಾಲೆಯಲ್ಲಿ ಒಂದೇ ಒಂದು ವಾಚನವನ್ನು ಬರೆದುಕೊಂಡು ನಿಯಮವನ್ನು ಘೋಷಿಸುವ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ಆದರೆ ಹಂಪಿಯ ಒಂದು ಅನುಭವದಿಂದ ಎಲ್ಲ ಊರಿಗೂ ನಿಯಮವನ್ನು ಕಟ್ಟಿದವರು ನಾವೇ. ತಾಯಿಯವರ ಮಾತು ಅವರು ನಡೆದ ದಾರಿಗೆ ಸತ್ಯ. ಸುರಪುರದ ಗುಡ್ಡದ ಓಣಿಗಳಲ್ಲಿ ಕಂಕುಳನ್ನು ಮೀರಿಸುವ ವಾಹನ ಇನ್ನೂ ಹುಟ್ಟಿಲ್ಲ. ನೆಂಟರ ಮಾತು ಅವರು ನಡೆಯುವ ದಾರಿಗೆ ಸತ್ಯ. ಒಂದು ದಾರಿಯ ಸತ್ಯವನ್ನು ಇನ್ನೊಂದು ದಾರಿಗೆ ಹೊತ್ತೊಯ್ಯುವುದೇ ಭ್ರಾಂತಿ.

ಆದುದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಹೊರಡುವ ಮುನ್ನ ಮಗುವಿನ ವಯಸ್ಸನ್ನು ಕೇಳದೆ ಮೂರು ಸಂಗತಿಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು, ಹೋಗುವ ಕಡೆ ನೆಲ ಎಂಥದು? ದಾರಿಯ ಹೆಚ್ಚಿನ ಪಾಲು ನುಣುಪಾಗಿದ್ದರೆ ಗಾಡಿ ಇರಲಿ. ಕಲ್ಲು, ಮರಳು, ಮೆಟ್ಟಿಲುಗಳೇ ಹೆಚ್ಚಾಗಿದ್ದರೆ ಬೇಡ. ಎರಡನೆಯದು, ಮಗುವಿನ ಹೆಜ್ಜೆಯಲ್ಲಿ ಅಷ್ಟು ದೂರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತು ನಮ್ಮ ಕೈಯಲ್ಲಿದೆಯೆ? ಮೂರನೆಯದು, ಮಗು ನಿದ್ರಿಸುವ ವೇಳೆಗೆ ನಾವು ಎಲ್ಲಿರುತ್ತೇವೆ? ಶ್ರವಣಬೆಳಗೊಳದ ವಿಂಧ್ಯಗಿರಿಗೆ, ವಿಜಯಪುರದ ಗೋಲಗುಮ್ಮಟದ ಮೇಲಣ ಪಿಸುಗುಟ್ಟುವ ಮೊಗಸಾಲೆಗೆ, ನಮ್ಮೂರ ಜಾತ್ರೆಗೆ ಗಾಡಿ ಕೇವಲ ಹೊರೆ. ವಿಮಾನ ನಿಲ್ದಾಣಕ್ಕೆ, ಮೆಟ್ರೋಗೆ, ದೊಡ್ಡ ಉದ್ಯಾನಕ್ಕೆ ಅದು ನಿಜವಾದ ಗೆಳೆಯ. ಎರಡೂ ಬಗೆಯ ದಾರಿ ಬೆರೆತಿದ್ದರೆ, ಮಡಚಿ ಒಂದು ಕೈಯಲ್ಲಿ ಹಿಡಿಯಬಲ್ಲಷ್ಟು ಹಗುರವಾದುದನ್ನು ಮಾತ್ರ ಒಯ್ಯಬೇಕು. ಬಸ್ಸಿನ ಮೆಟ್ಟಿಲನ್ನು ಹತ್ತುವಾಗ ಇನ್ನೊಂದು ಕೈ ಮಗುವಿಗೆ ಬೇಕಷ್ಟೆ.

ಒಯ್ಯುವುದೆಂದು ನಿಶ್ಚಯಿಸಿದವರಿಗೆ ಮೂರು ಎಚ್ಚರಿಕೆಗಳು. ಗಾಡಿಯ ಹಿಡಿಗೆ ಚೀಲವನ್ನು ತೂಗುಹಾಕಬಾರದು. ಹಿಂದಿನ ಗಾಲಿಯ ಅಚ್ಚಿಗಿಂತ 30 ಸೆಂಟಿಮೀಟರ್ ಹಿಂದಿರುವ ಹಿಡಿಗೆ 5 ಕಿಲೋಗ್ರಾಂ ಚೀಲವನ್ನು ತೂಗಿದರೆ ಹಿಂದಕ್ಕೆ ಕೆಡಹುವ ಭ್ರಾಮಕ 150 ಕಿಲೋಗ್ರಾಂ-ಸೆಂಟಿಮೀಟರ್. ಮಗು ಕುಳಿತಿರುವಾಗ ಅದರ ಭಾರ ಇದನ್ನು ತಡೆದೀತು. ಮಗು ಇಳಿದೊಡನೆ ಉಳಿಯುವುದು 6 ಕಿಲೋಗ್ರಾಮಿನ ಗಾಡಿ ಮಾತ್ರ; ಅದರ ಗುರುತ್ವಕೇಂದ್ರ ಅಚ್ಚಿಗಿಂತ 15 ಸೆಂಟಿಮೀಟರ್ ಮುಂದಿದ್ದರೆ ತಡೆಯುವ ಭ್ರಾಮಕ 90. ಗಾಡಿ ಹಿಂದಕ್ಕೆ ಬೀಳಲೇಬೇಕು. ನಮ್ಮದು ಹಂಪಿಗೆ ಹೋಗುವ ದಾರಿಯ ಬಸ್ ನಿಲ್ದಾಣವೊಂದರಲ್ಲಿ ಹೀಗೆಯೇ ಬಿದ್ದಿತು. ಬುತ್ತಿಯ ಮೊಸರು ಮಣ್ಣುಪಾಲಾಯಿತು. ಮಗು ಹಿಂದೆ ನಿಂತಿರಲಿಲ್ಲವೆಂಬುದೇ ಪುಣ್ಯ.

ಎರಡನೆಯದು ಇಳಿಜಾರು. 12 ಅಡಿ ನಡೆದರೆ 1 ಅಡಿ ಇಳಿಯುವ ನುಣುಪಾದ ದಾರಿಯಲ್ಲಿ ಕೈತಪ್ಪಿದ ಗಾಡಿ, ಘರ್ಷಣೆಯನ್ನು ಕಳೆದರೂ, 5 ಸೆಕೆಂಡುಗಳಲ್ಲಿ 7 ಮೀಟರಿಗೂ ಹೆಚ್ಚು ದೂರ ಓಡಿ ಗಂಟೆಗೆ 11 ಕಿಲೋಮೀಟರ್ ವೇಗವನ್ನು ಪಡೆಯುತ್ತದೆ. ರೈಲು ಕಟ್ಟೆಯ ಮೇಲಾಗಲಿ ರಸ್ತೆಯ ಬದಿಯಲ್ಲಾಗಲಿ ಗಾಲಿಯ ತಡೆ ಹಾಕದೆ ಕೈಬಿಡಲಾಗದು. ಮೂರನೆಯದು ಬಿಸಿಲು. ನಮ್ಮ ಕಡೆಯ ಏಪ್ರಿಲ್ ಮೇ ತಿಂಗಳುಗಳಲ್ಲಿ ಡಾಂಬರು ನೆಲ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ; ಗಾಡಿಯಲ್ಲಿ ಕುಳಿತ ಮಗು ನಮಗಿಂತ ಆ ನೆಲಕ್ಕೆ ಹತ್ತಿರವಾಗಿರುತ್ತದೆ. ನೆರಳಿಗೆಂದು ಗಾಡಿಯ ಸುತ್ತ ಬಟ್ಟೆ ಮುಚ್ಚಿದರೆ ಗಾಳಿಯಾಟ ನಿಂತು ಒಳಗಿನ ತಾಪ ಏರುತ್ತದೆ. ನೆರಳು ಮೇಲಿರಲಿ, ಬದಿಗಳು ತೆರೆದಿರಲಿ.

ಗಾಡಿಯಿಂದ ಮಗು ಸೋಮಾರಿಯಾಗುವುದಿಲ್ಲವೆ ಎಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ನಡೆಯಬಲ್ಲ ಮಗುವನ್ನು ದಿನವಿಡೀ ಕಟ್ಟಿ ಕೂರಿಸುವುದು ತಪ್ಪು. ಗಾಡಿ ದಣಿದ ಕಾಲಿಗೆ ವಿಶ್ರಾಂತಿಯ ಕಟ್ಟೆಯಾಗಬೇಕು, ಬಂದೀಖಾನೆಯಾಗಬಾರದು. ಮೊದಲು ಮಗು ನಡೆಯಲಿ, ಬೇಕಾದರೆ ಖಾಲಿ ಗಾಡಿಯನ್ನು ತಾನೇ ತಳ್ಳಲಿ, ದಣಿದಾಗ ಕೂರಲಿ. ಕಾಲಿನಲ್ಲಿ ಬಲವಿಲ್ಲದ, ಕಾಯಿಲೆಯಿಂದ ಬಳಲುವ ಮಕ್ಕಳ ವಿಷಯದಲ್ಲಿ ಈ ಚರ್ಚೆಯೇ ಸಲ್ಲದು. ಅಂಥ ಮಗು ಐದಾರು ವರ್ಷದ್ದಾಗಿ ಗಾಡಿಯಲ್ಲಿ ಕುಳಿತುದನ್ನು ಕಂಡು "ಇಷ್ಟು ದೊಡ್ಡ ಮಗುವಿಗೆ ಗಾಡಿಯೆ?" ಎಂದು ನಗುವವರು ತಾಯಿಯ ನೋವನ್ನು ಅರಿಯರು.

ಕಡೆಗೆ, ಇಡೀ ಲೇಖನವನ್ನು ಬರೆಯಲು ಕಾರಣವಾದ ಮಾತಿಗೆ ಬರುತ್ತೇವೆ. ಕೂಸಿನ ಗಾಡಿಯನ್ನು ಒಯ್ಯಬೇಕೆ ಬೇಡವೆ ಎಂದು ಕೇಳುವಾಗ ನಾವು ನಿಜವಾಗಿ ಕೇಳುತ್ತಿರುವುದು ದಾರಿಯ ಯೋಗ್ಯತೆಯನ್ನು. ಈ ಗಾಡಿ ಒಂದು ಅಳತೆಯ ಸಾಧನ. ಅದರ ಚಿಕ್ಕ ಗಾಲಿ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಗಾಲಿಕುರ್ಚಿಯ ಮುಂದಿನ ಚಿಕ್ಕ ಗಾಲಿಯೂ ಸಿಕ್ಕಿಕೊಳ್ಳುತ್ತದೆ; ಅಲ್ಲಿಯೇ ಕೋಲೂರಿ ನಡೆಯುವ ಅಜ್ಜಿ ಎಡವುತ್ತಾಳೆ. ಹಂಪಿಯ ಬಂಡೆಗಳನ್ನು ಸಮಮಾಡಬೇಕೆಂದು ಯಾರೂ ಹೇಳರು; ಅವು ಇರುವಂತೆಯೇ ಚೆಂದ. ಆದರೆ ಊರಿನ ಕಾಲುದಾರಿಯ ಒಡೆದ ಚಪ್ಪಡಿ ಪ್ರಕೃತಿಯ ಸೃಷ್ಟಿಯಲ್ಲ. ವಿಕಲಚೇತನರ ಹಕ್ಕುಗಳನ್ನು ಕುರಿತ ನಮ್ಮ ದೇಶದ 2016ರ ಕಾನೂನು ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು ವಿಧಿಸಿದೆ. ಗಾಲಿಕುರ್ಚಿಗಾಗಿ ಕಟ್ಟುವ ಇಳಿಜಾರು 12ಕ್ಕೆ 1ರಷ್ಟನ್ನು ಮೀರಬಾರದೆಂಬುದು ಕಟ್ಟಡ ಕಟ್ಟುವವರು ಬಲ್ಲ ಅಳತೆ. ಮೆಟ್ಟಿಲಿನ ಪಕ್ಕದಲ್ಲಿ ಕಾಟಾಚಾರಕ್ಕೆ ಸುರಿದ ಕಾಂಕ್ರೀಟಿನ ಕಡಿದಾದ ಗುಡ್ಡೆ ಈ ಅಳತೆಗೆ ನಿಲ್ಲುವುದೆ ಎಂಬುದನ್ನು ಒಂದು ಹಗ್ಗವೂ ಒಂದು ಅಳತೆಪಟ್ಟಿಯೂ ಹೇಳಿಬಿಡುತ್ತವೆ.

ಆದುದರಿಂದ ವಿದ್ಯಾರ್ಥಿಮಿತ್ರರಿಗೆ ಒಂದು ಸೂಚನೆ. ಕಾಲೇಜಿನ ಪ್ರಯೋಗಶಾಲೆಯಿಂದ ಒಂದು ಸ್ಪ್ರಿಂಗ್ ತ್ರಾಸನ್ನು ಕೇಳಿ ಪಡೆಯಿರಿ. ನೆರೆಮನೆಯ ಕೂಸಿನ ಗಾಡಿಯನ್ನು ಎರವಲು ತಂದು, ಕೂಸಿಗೆ ಬದಲಾಗಿ 16 ಕಿಲೋಗ್ರಾಂ ಜೋಳದ ಚೀಲವನ್ನು ಕೂರಿಸಿ, ತ್ರಾಸಿನಿಂದ ಎಳೆಯಿರಿ. ಕಾಲೇಜಿನ ವರಾಂಡದಲ್ಲಿ, ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ನಿಮ್ಮ ಓಣಿಯಲ್ಲಿ ಎಷ್ಟೆಷ್ಟು ಬಲ ಬೇಕಾಯಿತೆಂಬುದನ್ನು ಒಂದು ಪಟ್ಟಿಯಲ್ಲಿ ಬರೆಯಿರಿ. ಪ್ರತಿ ಸ್ಥಳದಲ್ಲಿಯೂ ಐದು ಸಲ ಅಳೆದು ಸರಾಸರಿ ತೆಗೆಯಿರಿ. ನಮ್ಮಂತೆ ಒಂದೇ ಸಲಕ್ಕೆ ಶಪಥ ಮಾಡಬೇಡಿರಿ. ಆ ಪಟ್ಟಿಯನ್ನು ನಿಮ್ಮ ವಾರ್ಡಿನ ಸದಸ್ಯರ ಕೈಗೆ ಕೊಡಿರಿ. ರಸ್ತೆ ಕೆಟ್ಟಿದೆಯೆಂಬ ದೂರನ್ನು ಅವರು ಬಹಳ ಕೇಳಿರುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ಒಂದು ಕೂಸನ್ನು ದಾಟಿಸಲು ಎಷ್ಟು ಕಿಲೋಗ್ರಾಂ ಬಲ ಬೇಕೆಂಬ ಅಂಕಿಯನ್ನು ಯಾರೂ ಅವರಿಗೆ ಕೊಟ್ಟಿರಲಾರರು.

ಬರುವ ರಜೆಗೆ ನಾವು ಮೈಸೂರಿಗೆ ಹೊರಟಿದ್ದೇವೆ. ಮೃಗಾಲಯದ ದಾರಿ ಉದ್ದ, ನೆಲ ಒಳ್ಳೆಯದು. ಗಾಡಿ ಅಟ್ಟದಿಂದ ಇಳಿದಿದೆ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಈ ಸಲ ಬೇಡವೆಂದು ತೀರ್ಮಾನವಾಗಿದೆ. ಒಯ್ಯುವ ಸಾಮಾನುಗಳ ಪಟ್ಟಿಯ ಕೊನೆಯಲ್ಲಿ ನಮ್ಮ ಮನೆಯವರು ಒಂದು ಸಾಲನ್ನು ಸೇರಿಸಿದ್ದಾರೆ: ನಡೆಯುವಾಗ ಮಗಳೇ ಮುಂದೆ, ನಾವು ಅವಳ ಹಿಂದೆ.